ದಾರಿಗರ ಕೂಟಕ್ಕೆ ಗುರುವಾರ ಬಂದ ಫೋನು

ಎಲ್ಲರೂ ಗಾಲಿ ಎಂದು ಕರೆಯುವ ನಾನು, ವಯಸ್ಸು ಹತ್ತೊಂಬತ್ತು, ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು, ಕೆಲಸ ಸ್ಕೂಟರಿನಲ್ಲಿ ಪಾರ್ಸೆಲ್ ಹಂಚುವುದು, ವಾಸ ಹಳೆಯ ಬಸ್ ಡಿಪೋದ ಹಿಂದಿನ ಸಾಲುಮನೆಗಳಲ್ಲಿ ಮೂರನೆಯದು, ಇಂದು ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಮಂಗಳವಾರದಿಂದ ಈ ಠಾಣೆಯಲ್ಲಿ ಕೂರಿಸಿಕೊಂಡಿರುವ ಜೀಪಿನ ಚಾಲಕನ ಮೇಲಿನ ದೂರಿನಲ್ಲಿ, ಬೆಟ್ಟದ ಮೇಲೆ ಕಾಲು ಮುರಿದು ಬಿದ್ದಿದ್ದವನನ್ನು ಕೆಳಗೆ ತರುತ್ತೇನೆಂದು ಒಪ್ಪಿಕೊಂಡು ಅವನು ತರಲಿಲ್ಲ, ತರಲಾಗಲಿಲ್ಲ ಎಂಬ ಸುದ್ದಿಯನ್ನೂ ಯಾರಿಗೂ ಮುಟ್ಟಿಸಲಿಲ್ಲ ಎಂದು ಬರೆದಿದೆ. ಎರಡನೆಯ ಮಾತು ಸುಳ್ಳು. ಅವನು ಫೋನ್ ಮಾಡಿದ್ದ. ಫೋನು ಬಂದಾಗ ನಾನು ದಾರಿಗರ ಕೂಟದ ಕಚೇರಿಯ ಮೇಜಿನ ಎದುರಿಗೆ ನಿಂತಿದ್ದೆ. ಸತ್ತವನು ನನ್ನ ಒಡಹುಟ್ಟಿದ ಅಣ್ಣ. ದೂರಿಗೆ ರುಜು ಹಾಕಿದವರಲ್ಲಿ ನಮ್ಮಮ್ಮನೂ ಒಬ್ಬಳು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆದುಕೊಳ್ಳುವುದು ಸುಲಭ ಎಂದು ಹೇಳಿದ್ದೇನೆ.

ಬರೆದುಕೊಳ್ಳುತ್ತಿರುವ ರೈಟರ್ ಅವರು ಮೊದಲು ಅಣ್ಣನನ್ನು ಸದರಿ ಮೃತ ವ್ಯಕ್ತಿ ಎಂದು ಬರೆದರು. ಅಣ್ಣ ಎಂದೇ ಇರಲಿ ಎಂದೆ. "ಸದರಿ ಅಣ್ಣ ಅಂತ ಬರೀಲೇನಮ್ಮ?" ಎಂದು ಕೇಳಿದರು. ಬರೀ ಅಣ್ಣ ಸಾಕು ಎಂದೆ. ಹಾಗೆಯೇ ಬರೆದಿದ್ದಾರೆ.

ಅಣ್ಣನಿಗೆ ಇಪ್ಪತ್ತೇಳು ವರ್ಷ. ಸವೆದ ಟೈರುಗಳಿಗೆ ಹೊಸ ಪದರ ಹಾಕುವ ಕಾರ್ಖಾನೆಯಲ್ಲಿ ಕೆಲಸ. ವರ್ಷದ ರಜೆಯನ್ನೆಲ್ಲ ಒಟ್ಟುಮಾಡಿ ಎಲ್ಲಿಗಾದರೂ ಹೊರಟುಬಿಡುತ್ತಿದ್ದ. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಒಬ್ಬನಿಗೆ ಕಾಲು ನಿಲ್ಲಲ್ಲ, ಇನ್ನೊಬ್ಬಳಿಗೆ ತಳ ನಿಲ್ಲಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಮಕ್ಕಳೋ ಬಸ್ಸುಗಳೋ ಎಂದು ಬಂದವರ ಮುಂದೆಲ್ಲ ಹೇಳುವಳು. ನನಗೆ ಗಾಲಿ ಎಂದು ಹೆಸರಿಟ್ಟದ್ದೂ ಅವಳೇ.

ಅಣ್ಣ ದಾರಿಗರ ಕೂಟದ ಸದಸ್ಯನಾಗಿದ್ದ. ರೈಲ್ವೆ ಗೇಟಿನ ಆಚೆ ಹಿಂದೆ ಐಸ್ ಕಾರ್ಖಾನೆಯಾಗಿದ್ದ ಕಟ್ಟಡದಲ್ಲಿ ಈ ಕೂಟ ನಡೆಯುತ್ತದೆ. ಗೋಡೆಗಳು ಮೊಳ ದಪ್ಪ, ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ. ಮರಳುಗಾಡು ದಾಟಿ ಬಂದವರು, ಗುಹೆಯೊಳಗೆ ವಾರಗಟ್ಟಲೆ ಇದ್ದು ಬಂದವರು, ನದಿಯ ಹುಟ್ಟು ಹುಡುಕಿಕೊಂಡು ಹೋದವರು ತಿಂಗಳ ಮೊದಲ ಶನಿವಾರ ಸಂಜೆ ಆರು ಗಂಟೆಗೆ ಅಲ್ಲಿ ನಿಂತು ಮಾತಾಡುತ್ತಾರೆ. ಕೇಳಲು ಬರುವವರೂ ಅಂಥವರೇ. ಹಲ್ಲಿನ ಡಾಕ್ಟರು, ಬಸ್ ಕಂಡಕ್ಟರು, ಆಸ್ಪತ್ರೆಯ ನರ್ಸುಗಳು ಎಲ್ಲ ಇದ್ದಾರೆ. ಹೊರಗೆ ಯಾರು ಏನೇ ಆಗಿರಲಿ, ಒಳಗೆ ಎಷ್ಟು ದೂರ ಹೋಗಿ ಬಂದೆ ಎಂಬುದೊಂದೇ ಲೆಕ್ಕ. ಸದಸ್ಯರ ಮನೆಯವರಿಗೆ ಹಿಂದೆ ಎರಡು ಬೆಂಚು. ನಾನು ಹದಿನಾಲ್ಕರಿಂದ ಆ ಬೆಂಚಿನಲ್ಲಿ ಕೂತಿದ್ದೇನೆ. ಶಾಲೆಯಲ್ಲಿ ಒಂದು ತಾಸು ಕೂರಲಾಗದವಳು ಅಲ್ಲಿ ಮೂರು ತಾಸು ಕೂರುತ್ತಿದ್ದೆ.

ಕೂಟದ ಎರಡು ಪದ್ಧತಿಗಳನ್ನು ಇಲ್ಲಿ ಹೇಳದಿದ್ದರೆ ಮುಂದೆ ನಡೆದದ್ದು ಹುಚ್ಚರ ಕತೆಯಂತೆ ಕಾಣುತ್ತದೆ.

ಮೊದಲನೆಯದನ್ನು ತುಟಿಬೀಗ ಎನ್ನುತ್ತಾರೆ. ಊರಿಗೆ ಮರಳಿದವನು ಶನಿವಾರದ ಮಾತಿನವರೆಗೆ ಪ್ರಯಾಣದ ಒಂದು ಸಂಗತಿಯನ್ನೂ ಯಾರಿಗೂ ಹೇಳಬಾರದು, ಬೇರೆಯವರೂ ಅವನನ್ನು ಕೇಳಬಾರದು. ಕತೆ ಕೂಟದ ನೆಲದ ಮೇಲೆಯೇ ಮೊದಲು ಹುಟ್ಟಬೇಕು. ಮಾತಾಡುತ್ತಿರುವಾಗ ಯಾರೂ ನಡುವೆ ಬಾಯಿ ಹಾಕಬಾರದು.

ಎರಡನೆಯದು ಪಕ್ಕದ ಬಾಗಿಲು. ಹಿಂದೆ ಐಸಿನ ಗಡ್ಡೆಗಳನ್ನು ಲಾರಿಗೆ ಜಾರಿಸುತ್ತಿದ್ದ ಕಬ್ಬಿಣದ ಬಾಗಿಲು ಸಭಾಂಗಣದ ಎಡಗಡೆ ಇದೆ. ಇಬ್ಬರು ಜೊತೆಯಾಗಿ ಹೋಗಿದ್ದರೆ ಒಬ್ಬನು ಮೊದಲು ಊರಿಗೆ ಬಂದು ಮಾತಾಡುತ್ತಾನೆ. ಇನ್ನೊಬ್ಬನು ಎಲ್ಲಾದರೂ ಅಡಗಿ ಕೂತಿದ್ದು, ಮಾತಿನ ಕೊನೆಗೆ ಎಲ್ಲರೂ ಎದ್ದು ಚಪ್ಪಾಳೆ ಹೊಡೆಯುವಾಗ ಪ್ರಯಾಣದ ಬಟ್ಟೆಯಲ್ಲೇ ಆ ಬಾಗಿಲಿನಿಂದ ಒಳಗೆ ಬರುತ್ತಾನೆ. ಅವನು ಬರುವವರೆಗೆ ಚಪ್ಪಾಳೆ ನಿಲ್ಲಿಸಬಾರದು. ಎರಡು ವರ್ಷದ ಹಿಂದೆ ಅಣ್ಣನೇ ಹಾಗೆ ಬಂದಿದ್ದ. ಅದಕ್ಕೂ ಮೊದಲು ನಮ್ಮ ಬೀದಿಯ ಟೈಲರ್ ಮನೆಯ ಅಟ್ಟದಲ್ಲಿ ಎರಡು ದಿನ ಅಡಗಿದ್ದ. ಅಮ್ಮ ಅತ್ತು ಕರೆದು, ಆಮೇಲೆ ಬಾಗಿಲಿನಿಂದ ಅವನು ಬಂದಾಗ ಕಪಾಳಕ್ಕೆ ಹೊಡೆದು, ತಬ್ಬಿಕೊಂಡಿದ್ದಳು. ಕೂಟದವರು ಆ ಹೊಡೆತಕ್ಕೂ ಚಪ್ಪಾಳೆ ಹೊಡೆದಿದ್ದರು.

ಈ ಸಲ ಅಣ್ಣ ಹೋದದ್ದು ಹಿಂದಿನ ಕಾಲದಲ್ಲಿ ಉಪ್ಪು ಹೊತ್ತವರು ನಡೆಯುತ್ತಿದ್ದ, ಈಗ ಯಾರೂ ಬಳಸದ ಒಂದು ಕಣಿವೆಯ ದಾರಿ ಹುಡುಕಲು. ಜೊತೆಗೆ ಹೋದವರು ಕೂಟದ ಹಿರಿಯ ಸದಸ್ಯರು. ಕೊರಳಿನಿಂದ ದುರ್ಬೀನು ಇಳಿಯುವುದೇ ಇಲ್ಲವಾದ್ದರಿಂದ ಅವರನ್ನು ಎಲ್ಲರೂ ದುರ್ಬೀನು ಎಂದೇ ಕರೆಯುವುದು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾರೆ. ಇಬ್ಬರೂ ಹೊರಟದ್ದು ಗುರುವಾರ ಬೆಳಿಗ್ಗೆ. ಹೊರಡುವಾಗ ಅಣ್ಣ ನನ್ನ ಸ್ಕೂಟರಿನ ಬ್ರೇಕ್ ತಂತಿ ಬಿಗಿ ಮಾಡಿ ಕೊಟ್ಟ. ಇನ್ನು ಹತ್ತು ದಿನ ಯಾರಿಗೂ ಗುದ್ದಬೇಡ, ಬಿಡಿಸಿಕೊಳ್ಳಲು ನಾನಿರುವುದಿಲ್ಲ ಎಂದ.

ಮುಂದಿನ ವಾರದ ಬುಧವಾರ ಸಂಜೆ ದುರ್ಬೀನು ಒಬ್ಬರೇ ಊರಿಗೆ ಬಂದರು. ಅದನ್ನು ಕಂಡವನು ಬಸ್ ಕಂಡಕ್ಟರು, ಹೇಳಿದ್ದು ಅಮ್ಮನಿಗೆ. ಅಮ್ಮ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, "ಹಂಗಾದ್ರೆ ನಮ್ಮೋನು ಅಟ್ಟ ಹತ್ತಿದಾನೆ" ಎಂದಳು. ಕೋಪದ ದನಿಯಲ್ಲಿ ಹೇಳಿದಳು, ಆದರೆ ಮುಖ ನಗುತ್ತಿತ್ತು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಯಾವ ಭಯವೂ ಇರಲಿಲ್ಲ. ಕೂಟದ ಸಂಗತಿ ಗೊತ್ತಿಲ್ಲದ ಮನೆಯಾಗಿದ್ದರೆ ಅಂದೇ ದುರ್ಬೀನಿನ ಬಾಗಿಲು ಬಡಿದು, ನನ್ನ ಮಗ ಎಲ್ಲಿ ಎಂದು ಕೇಳುತ್ತಿದ್ದರು. ನಮಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಅಮ್ಮ ಊಟದ ಡಬ್ಬಿ ಕಟ್ಟಿ, ಅಟ್ಟದಲ್ಲಿರುವವನಿಗೆ ಕೊಟ್ಟು ಬಾ, ನಾನು ಕೊಟ್ಟೆ ಅಂತ ಹೇಳಬೇಡ, ಹೊಟ್ಟೆಗಿಲ್ಲದೆ ಸಾಯಲಿ ಅಂದಳು ಅಂತ ಹೇಳು ಎಂದು ಕಳಿಸಿದಳು. ಟೈಲರ್ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಅಣ್ಣ ಮೇಲಿದ್ದಾನಾ ಎಂದು ಕೇಳಿದೆ. ಅವನು ಅಟ್ಟದ ಏಣಿಯನ್ನೊಮ್ಮೆ ನೋಡಿ, ತುಟಿಯ ಮೇಲೆ ಬೆರಳಿಟ್ಟು, "ನನ್ನ ಬಾಯಿಗೆ ನಾನೇ ಗುಂಡಿ ಹೊಲ್ಕೊಂಡಿದೀನಿ, ಬಿಚ್ಚಕ್ಕಾಗಲ್ಲ" ಎಂದ. ಡಬ್ಬಿ ತೆಗೆದುಕೊಂಡು ಒಳಗಿಟ್ಟ. ನಾನು ಮೇಲೆ ಹತ್ತಿ ನೋಡಲಿಲ್ಲ.

ಟೈಲರ್ ಆಮೇಲೆ ನನಗೆ ಹೇಳಿದ್ದೇನೆಂದರೆ, ಅಣ್ಣ ಅಲ್ಲಿಗೆ ಬಂದೇ ಇರಲಿಲ್ಲ. ಕಳೆದ ಸಲದಂತೆ ಕತ್ತಲಾದ ಮೇಲೆ ಬರಬಹುದು, ಇವಳ ಮುಂದೆ ಗುಟ್ಟು ಬಿಟ್ಟುಕೊಡಬಾರದು ಎಂದು ಅವನು ಹಾಗೆ ಆಡಿದ್ದ. ಮಾರನೆಯ ದಿನವೂ ಡಬ್ಬಿ ತಂದುಕೊಟ್ಟೆ. ಅದನ್ನೂ ತೆಗೆದುಕೊಂಡ. ಅವನು ಮೋಸಗಾರನಲ್ಲ. ಆಟ ಕೆಡಿಸದವನು, ಅಷ್ಟೆ.

ಅದೇ ಗುರುವಾರ ಹತ್ತೂವರೆಗೆ ಫೋಟೋ ಮುದ್ರಿಸುವ ಅಂಗಡಿಯಿಂದ ನನಗೊಂದು ಪಾರ್ಸೆಲ್ ಸಿಕ್ಕಿತು. ಶನಿವಾರದ ಮಾತಿಗೆ ಬೇಕಾದ ದೊಡ್ಡ ಫೋಟೋಗಳು, ಕೂಟದ ಕಾರ್ಯದರ್ಶಿಯವರಿಗೆ ತಲುಪಿಸುವುದು. ಅಂಗಡಿಯ ಮೆಟ್ಟಿಲಲ್ಲೇ ದುರ್ಬೀನು ನಿಂತಿದ್ದರು. ಬಲಗಾಲು ಊದಿ ಚಪ್ಪಲಿ ಹಿಡಿಸದೆ ಬಟ್ಟೆ ಸುತ್ತಿಕೊಂಡಿದ್ದರು. ಕೊರಳಲ್ಲಿ ದುರ್ಬೀನು ಇರಲಿಲ್ಲ, ಪಟ್ಟಿ ಇದ್ದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ನಾನು ತುಟಿಬೀಗದ ಮಾತು ಬದಿಗಿಟ್ಟು ಅಣ್ಣ ಹೇಗಿದ್ದಾನೆ ಎಂದು ಕೇಳಿಯೇಬಿಟ್ಟೆ. ಅವರು ನಕ್ಕು, "ಶನಿವಾರ ಬಾ. ಅವತ್ತು ನಿಮ್ಮಣ್ಣನ ಗತ್ತು ನೋಡುವಿಯಂತೆ" ಎಂದರು. ಅವರ ಮುಖದಲ್ಲಿ ಕಳ್ಳತನ ಇರಲಿಲ್ಲ. ಕೊರಳಿನದನ್ನೂ ಅಣ್ಣನಿಗೇ ಕೊಟ್ಟಿದ್ದಾರೆ, ಅವನು ಅದನ್ನು ಹಾಕಿಕೊಂಡೇ ಬಾಗಿಲಿನಿಂದ ಬರುತ್ತಾನೆ ಎಂದು ನಾನು ಊಹಿಸಿದೆ. ಕೊಟ್ಟಿದ್ದು ನಿಜವೇ ಆಗಿತ್ತು.

ಕೂಟದ ಕಚೇರಿ ತಲುಪಿದಾಗ ಗಂಟೆ ಹನ್ನೊಂದು ದಾಟಿತ್ತು. ಕಚೇರಿ ಎಂದರೆ ಒಂದು ಮೇಜು, ಅದರ ಹಿಂದೆ ಗೋಡೆಗೆ ಹಳೆಯ ಸದಸ್ಯರ ಹಗ್ಗ, ರಾಟೆ, ಕಬ್ಬಿಣದ ಕೊಕ್ಕೆಗಳನ್ನು ಅಲಂಕಾರಕ್ಕೆ ತೂಗುಹಾಕಿದ್ದಾರೆ. ಕಾರ್ಯದರ್ಶಿಯವರು ವಯಸ್ಸಾದವರು, ಮೊದಲು ಹಡಗಿನಲ್ಲಿ ಅಡುಗೆಯವರಾಗಿದ್ದವರು. ಅಣ್ಣನನ್ನು ಕೂಟಕ್ಕೆ ಸೇರಿಸಿದವರೂ ಅವರೇ. ನನ್ನನ್ನು ಕಂಡರೆ, ಏನಮ್ಮ ಗಾಲಿ, ಪಂಚರ್ ಆಗಿಲ್ವಾ ಇನ್ನೂ ಎನ್ನುವರು. ಅವತ್ತೂ ಹಾಗೇ ಅಂದರು.

ಅವರು ಪಾರ್ಸೆಲ್ ಚೀಟಿಗೆ ರುಜು ಹಾಕುತ್ತಿರುವಾಗ ಫೋನು ಬಂತು. ಮೇಲಿನ ಗೋಡೆ ಗಡಿಯಾರದಲ್ಲಿ ಹನ್ನೊಂದು ಹತ್ತು. ಅವರು ಆಡಿದ ಮಾತುಗಳನ್ನು ಕೇಳಿದಂತೆಯೇ ಹೇಳುತ್ತೇನೆ. "ಹಲೋ, ದಾರಿಗರ ಕೂಟ. ಯಾರು? ಜೀಪಿನೋರಾ?" ಎಂದರು. ಫೋನಿನ ಬಾಯಿಗೆ ಅಂಗೈ ಮುಚ್ಚಿ, ಕಣ್ಣು ಅರಳಿಸಿ, ನಿಮ್ಮಣ್ಣನ ಕಡೆಯದು ಎಂದು ನನಗೆ ಪಿಸುಗುಟ್ಟಿದರು. ಮತ್ತೆ ಫೋನಿಗೆ, "ಹೇಳ್ಬೇಡಪ್ಪಾ, ಒಂದಕ್ಷರ ಹೇಳ್ಬೇಡ. ಅವನ ತಂಗಿ ಇಲ್ಲೇ ನಿಂತಿದಾಳೆ" ಎಂದರು. ಆ ಕಡೆಯವನು ನಿಲ್ಲಿಸಲಿಲ್ಲ. ದನಿ ದೊಡ್ಡದಾಗಿತ್ತು, ಬೇಗ ಬೇಗ ಮಾತಾಡುತ್ತಿದ್ದ, ಹಿಂದೆ ವಾಹನಗಳ ಸದ್ದಿತ್ತು. ಅವನ ಮಾತಿನ ಮೇಲೆಯೇ ಇವರು, "ಗೊತ್ತು, ಗೊತ್ತು, ನಮಗೆಲ್ಲ ಗೊತ್ತು. ಶನಿವಾರ ನಾವ್ ನೋಡ್ಕೋತೀವಿ. ನೀನು ನಿನ್ನ ಕೆಲಸ ಮಾಡು" ಎಂದು ಫೋನ್ ಇಟ್ಟರು.

ಕೂಡಲೇ ಇನ್ನೊಮ್ಮೆ ಬಂತು. ಕಾರ್ಯದರ್ಶಿಯವರು, "ಸುಮ್ಮನಿರಲ್ಲ ಪುಣ್ಯಾತ್ಮ, ಹೊಟ್ಟೇಲಿ ಗುಟ್ಟು ನಿಲ್ಲೋದಿಲ್ಲ ಇವನಿಗೆ" ಎಂದು ನಗುತ್ತ ರಿಸೀವರ್ ಎತ್ತಿ ಕಿವಿಗಿಡದೆ ಮೇಜಿನ ಮೇಲೆ ಮಲಗಿಸಿದರು. ಅದರೊಳಗಿಂದ ಹಲೋ, ಹಲೋ, ಕೇಳಿಸ್ತಿದ್ಯಾ ಎಂದು ಸಣ್ಣಗೆ ಕೇಳಿತು. ಆಮೇಲೆ ಬರೀ ಗುಂಯ್ ಎನ್ನುವ ಸದ್ದು. ನಾನು ಹೊರಡುವಾಗಲೂ ರಿಸೀವರ್ ಮೇಜಿನ ಮೇಲೆಯೇ ಇತ್ತು. ಆಗ ನಾನೂ ನಕ್ಕೆ. ಅದನ್ನು ಬಿಟ್ಟು ಉಳಿದದ್ದನ್ನಷ್ಟೇ ಬರೆಸಿದರೆ ನಾನು ದೂರು ಕೊಟ್ಟವರಿಗಿಂತ ಮೇಲಲ್ಲ.

ಇಲ್ಲಿ ಇನ್ಸ್‌ಪೆಕ್ಟರ್ ಅವರು, ಕಾಲು ಮುರಿದಿದೆ, ಸೇತುವೆ ಹೋಗಿದೆ ಎಂದು ಚಾಲಕ ಹೇಳಿದ್ದು ನಿನಗೆ ಕೇಳಿಸಿತೇ ಎಂದು ಕೇಳಿದರು. ಕೇಳಿಸಲಿಲ್ಲ. ಮಾತಿನ ಬಿರುಸು ಕೇಳಿಸಿತು, ಮಾತು ಕೇಳಿಸಲಿಲ್ಲ. ಕೇಳಿಸಿತು ಎಂದರೆ ಲಾಕಪ್ಪಿನಲ್ಲಿರುವವನಿಗೆ ಒಳ್ಳೆಯದಾಗುತ್ತದೆಂದು ನನಗೆ ಗೊತ್ತು. ಆದರೂ ಕೇಳಿಸಲಿಲ್ಲ ಎಂದೇ ಬರೆಯಿರಿ.

ಶನಿವಾರ ಐದೂವರೆಗೇ ಸಭಾಂಗಣ ತುಂಬಿತ್ತು. ಅಮ್ಮ ಅಣ್ಣನಿಗೆಂದು ಹೆಣೆದಿದ್ದ ನೀಲಿ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂತಳು. ಈ ಸಲ ಹೊಡೆಯೋದಿಲ್ಲ, ಕಿವಿ ಹಿಂಡಿ ಬಿಡುತ್ತೇನೆ ಎಂದು ಪಕ್ಕದ ನರ್ಸಮ್ಮನಿಗೆ ಹೇಳಿದಳು. ಟೈಲರೂ ಬಂದಿದ್ದ. ಅಣ್ಣ ಗುರುವಾರವೂ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ, ಈ ಸಲ ಬೇರೆ ಜಾಗ ಹಿಡಿದಿದ್ದಾನೆ ಎಂದುಕೊಂಡಿದ್ದನಂತೆ. ನನ್ನನ್ನು ಕಂಡು ಕಣ್ಣು ಹೊಡೆದ. ನಾನು ತಿರುಗಿ ಕಣ್ಣು ಹೊಡೆದೆ.

ಆರು ಗಂಟೆಗೆ ಸರಿಯಾಗಿ ದುರ್ಬೀನು ಮಾತು ಶುರುಮಾಡಿದರು. ಕಣಿವೆ, ಉಪ್ಪಿನವರು ಕಲ್ಲಿನಲ್ಲಿ ಕೊರೆದ ಗುರುತುಗಳು, ಮೇಲಿನ ಕಲ್ಲುಗುಡಿಸಲು ಎಲ್ಲ ಹೇಳಿದರು. ಚೆನ್ನಾಗಿ ಹೇಳಿದರು. ಸೋಮವಾರ ಮಧ್ಯಾಹ್ನ ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಅಣ್ಣ ಜಾರಿ, ಎಡಗಾಲು ಮೊಣಕಾಲಿನ ಕೆಳಗೆ ಮುರಿಯಿತು ಎಂದರು. ಸಭೆ ಒಮ್ಮೆಗೇ ಉಸಿರೆಳೆಯಿತು. ಅಮ್ಮ ಸ್ವೆಟರನ್ನು ಹಿಂಡಿದಳು, ಆದರೆ ಏಳಲಿಲ್ಲ. ಮಾತಿನ ನಡುವೆ ಬಾಯಿ ಹಾಕಬಾರದು.

ಅವರು ಮುಂದುವರಿಸಿ, ಅಣ್ಣನನ್ನು ಹೊತ್ತು ಗುಡಿಸಲಿಗೆ ತಂದದ್ದು, ಡೇರೆಯ ಕೋಲು ಕಟ್ಟಿ ಕಾಲು ನೇರಮಾಡಿದ್ದು, ನೀರು, ಸೌದೆ, ತಿನ್ನುವುದು ಕೈಗೆಟಕುವಂತೆ ಇಟ್ಟದ್ದು, ದಾರಿ ನೋಡುತ್ತಿರು ಎಂದು ಕೊರಳಿನ ದುರ್ಬೀನು ಕೊಟ್ಟದ್ದು ಹೇಳಿದರು. ಅಣ್ಣನೇ ಅವರಿಗೆ, "ನೀವು ಹೋಗಿ ಮಾತಾಡಿ ಸಾರ್. ನಾಲ್ಕು ಜನರ ಹೆಗಲ ಮೇಲೆ ರಾಜನ ಥರ ಪಕ್ಕದ ಬಾಗಿಲಿಂದ ಬರ್ತೀನಿ. ಕೂಟ ಹುಟ್ಟಿದಾಗಿಂದ ಹಂಗೆ ಯಾರೂ ಬಂದಿಲ್ಲ" ಎಂದನಂತೆ. ಸಭೆ ನಕ್ಕಿತು. ಅಣ್ಣ ಹಾಗೆಂದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನ ಮಾತಿನಂತೆಯೇ ಇದೆ.

ಮಂಗಳವಾರ ರಸ್ತೆ ಮುಗಿಯುವ ಜಾಗಕ್ಕೆ ಇಳಿದು, ಅಲ್ಲಿನ ಚಹಾ ಅಂಗಡಿಯಲ್ಲಿ ಜೀಪಿನ ಚಾಲಕನನ್ನು ಕಂಡು, ಆಳು ಕೂಡಿಸಿಕೊಂಡು ಅಣ್ಣನನ್ನು ಇಳಿಸಬೇಕು, ನಡುದಾರಿಯ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಹಾಕಿಸಬೇಕು, ಶನಿವಾರ ಎಂಟರೊಳಗೆ ಕೂಟದ ಪಕ್ಕದ ಬಾಗಿಲಿಗೆ ತರಬೇಕು, ಏನಾದರೂ ಇದ್ದರೆ ಈ ನಂಬರಿಗೆ ಫೋನ್ ಮಾಡಬೇಕು ಎಂದು ಕೂಟದ ಕಾರ್ಡು ಕೊಟ್ಟು ಬಂದೆ ಎಂದರು. ಫೋನು ಬರಲಿಲ್ಲವಾದ್ದರಿಂದ ಎಲ್ಲವೂ ಸುಸೂತ್ರ ಎಂದು ಅವರು ನಂಬಿದ್ದರು. ಎಂಟಕ್ಕೆ ಐದು ನಿಮಿಷ ಇರುವಾಗ, "ಈ ಕತೆ ಮುಗಿಸೋನು ನಾನಲ್ಲ" ಎಂದು ಹೇಳಿ, ಎಡಕ್ಕೆ ತಿರುಗಿ ನಿಂತರು. ದೀಪ ತಗ್ಗಿಸಿದರು.

ಎಲ್ಲರೂ ಎದ್ದು ಚಪ್ಪಾಳೆ ಹೊಡೆದೆವು. ಕಾರ್ಯದರ್ಶಿಯವರು ಕಬ್ಬಿಣದ ಬಾಗಿಲನ್ನು ತಳ್ಳಿದರು. ಹೊರಗೆ ನೀರಿನ ಟ್ಯಾಂಕು, ಸೈಕಲ್ಲುಗಳು, ಬೀದಿ ದೀಪದ ಕೆಳಗೆ ಮಲಗಿದ್ದ ನಾಯಿ. ನಾಯಿ ತಲೆ ಎತ್ತಿ ನೋಡಿತು. ನಾವು ಹೊಡೆಯುತ್ತಲೇ ಇದ್ದೆವು. ಹಿಂದಿನಿಂದ ಯಾರೋ, ರಾಜರು ಪಲ್ಲಕ್ಕಿ ಇಳೀತಿದಾರೆ ತಡೀರಿ ಎಂದರು. ನಕ್ಕರು. ಇನ್ನೂ ಹೊಡೆದೆವು. ನನ್ನ ಅಂಗೈ ಉರಿಯತೊಡಗಿತು. ಎಷ್ಟು ಹೊತ್ತು ಎಂದು ಇನ್ಸ್‌ಪೆಕ್ಟರ್ ಕೇಳುತ್ತಾರೆ, ಗಡಿಯಾರ ನೋಡಿದವರು ಯಾರೂ ಇಲ್ಲ. ಒಬ್ಬೊಬ್ಬರದೇ ನಿಂತಿತು. ಕೊನೆಗೆ ಅಮ್ಮ ಒಬ್ಬಳೇ ಹೊಡೆಯುತ್ತಿದ್ದಳು, ಸ್ವೆಟರ್ ಕಂಕುಳಲ್ಲಿ ಸಿಕ್ಕಿಸಿಕೊಂಡು. ನರ್ಸಮ್ಮ ಅವಳ ಕೈ ಹಿಡಿದು ನಿಲ್ಲಿಸಿದರು.

ದುರ್ಬೀನು ಊದಿದ ಕಾಲಿನಲ್ಲೇ ಬೀದಿಯವರೆಗೆ ಓಡಿ ಹೋಗಿ ಬಂದರು. ಜೀಪಿನವನು ಫೋನ್ ಮಾಡಿದ್ದನೇ ಎಂದು ಕಾರ್ಯದರ್ಶಿಯವರನ್ನು ಕೇಳಿದರು. ಅವರು ಇಲ್ಲ ಎಂದರು. ನಾನು ಹಿಂದಿನ ಬೆಂಚಿನಿಂದ, ಮಾಡಿದ್ದ, ಗುರುವಾರ, ಎರಡು ಸಲ ಎಂದು ಕೂಗಿದೆ. ಕಾರ್ಯದರ್ಶಿಯವರು ನನ್ನನ್ನು ನೋಡಿದರು. ಅವರ ಮುಖ ಬಿಳಚಿಕೊಂಡದ್ದನ್ನು ನಾನು ಕಂಡೆ. "ಅದು ಕುರ್ಚಿ ಬಾಡಿಗೆಯವನ ಫೋನು" ಎಂದರು. ಅಂದಿನಿಂದ ಇಂದಿನವರೆಗೆ ಅವರದು ಅದೇ ಮಾತು.

ದುರ್ಬೀನು ಗೋಡೆಯಿಂದ ಹಗ್ಗ ಮತ್ತು ರಾಟೆಗಳನ್ನು ಕಿತ್ತುಕೊಂಡರು. ಹಲ್ಲಿನ ಡಾಕ್ಟರ ಕಾರಿನಲ್ಲಿ ದುರ್ಬೀನು, ನರ್ಸಮ್ಮ, ನಾನು ಹೊರಟೆವು. ಹಿಂದಿನ ವಾಹನದಲ್ಲಿ ಇನ್ನೂ ನಾಲ್ವರು. ಇನ್ನೂರ ಹತ್ತು ಕಿಲೋಮೀಟರ್.

ಭಾನುವಾರ ಬೆಳಗಾಗುವಾಗ ರಸ್ತೆ ಮುಗಿಯುವ ಜಾಗ ತಲುಪಿದೆವು. ಚಹಾ ಅಂಗಡಿಯ ಬೆಂಚಿನಲ್ಲಿ ಜೀಪಿನ ಚಾಲಕ ಕೂತಿದ್ದ. ಅವನ ಹಿಂದೆ ಎರಡು ಬಿದಿರು, ಒಂದು ಕಂಬಳಿಯಿಂದ ಮಾಡಿದ ಡೋಲಿ ಗೋಡೆಗೆ ಒರಗಿತ್ತು. ನಮ್ಮನ್ನು ಕಂಡು ಎದ್ದು ನಿಂತು, "ಈಗ ಬಂದ್ರಾ? ಶನಿವಾರ ನೋಡ್ಕೋತೀವಿ ಅಂದ್ರೆ ಶನಿವಾರದ ಒಳಗೆ ಬರ್ತೀರಿ ಅನ್ಕೊಂಡೆ" ಎಂದ.

ಅವನು ನಮಗೆ ಹೇಳಿದ್ದೇನೆಂದರೆ: ಮಂಗಳವಾರ ರಾತ್ರಿ ಮೇಲೆಲ್ಲೋ ಮಳೆಯಾಗಿ ಹಳ್ಳದ ಮರದ ಸೇತುವೆ ಕೊಚ್ಚಿಹೋಗಿತ್ತು. ಬುಧವಾರ ಅವನು ಮೂರು ಜನರನ್ನು ಕರೆದುಕೊಂಡು ಅಲ್ಲಿಗೆ ಹೋದ. ಒಬ್ಬನು ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗಿಳಿದ. ಹೊಳೆ ಅವನನ್ನು ಬಂಡೆಗೆ ಹೊಡೆಯಿತು, ಎಳೆದುಕೊಳ್ಳುವಷ್ಟರಲ್ಲಿ ತೋಳು ತಿರುಚಿತ್ತು. ಹಗ್ಗವೂ ಗಿಡ್ಡ. ಗುರುವಾರ ಹದಿನೆಂಟು ಕಿಲೋಮೀಟರ್ ಕೆಳಗಿನ ಸುಂಕದ ಗೇಟಿಗೆ ಇಳಿದು, ಅಲ್ಲಿ ಸಿಗ್ನಲ್ ಸಿಕ್ಕಿ, ಕೂಟಕ್ಕೆ ಫೋನ್ ಮಾಡಿ, ಉದ್ದ ಹಗ್ಗ, ರಾಟೆ, ತಿಳಿದ ಜನ ಬೇಕು ಎಂದ. ಗೊತ್ತು, ನಾವು ನೋಡಿಕೊಳ್ಳುತ್ತೇವೆ ಎಂಬ ಉತ್ತರ ಬಂತು. ಮತ್ತೆ ಮಾಡಿದಾಗ ಯಾರೂ ಮಾತಾಡಲಿಲ್ಲ. ದೊಡ್ಡವರು ಗೊತ್ತು ಎಂದಮೇಲೆ ಗೊತ್ತಿರುತ್ತದೆ ಎಂದು ಡೋಲಿ ಕಟ್ಟಿ ಕಾದ.

ಶುಕ್ರವಾರ ಅವನು ಹಳ್ಳದವರೆಗೆ ಹೋಗಿ ನೋಡಿದಾಗ ಆಚೆಯ ಗುಡಿಸಲಿನಿಂದ ಹೊಗೆ ಬರುತ್ತಿತ್ತು. ಶನಿವಾರ ಬೆಳಿಗ್ಗೆಯೂ ಬರುತ್ತಿತ್ತು. ಬರ್ತಾರೆ, ತಡ್ಕೋ ಎಂದು ಕೂಗಿದನಂತೆ, ನೀರಿನ ಸದ್ದಿನಲ್ಲಿ ಅದು ಮೇಲಕ್ಕೆ ಮುಟ್ಟಿತೋ ಇಲ್ಲವೋ. ಸಂಜೆ ಇನ್ನೊಮ್ಮೆ ಹೋದಾಗ ಹೊಗೆ ಇರಲಿಲ್ಲ. ಎಷ್ಟು ಗಂಟೆಗೆ ಎಂದು ದುರ್ಬೀನು ಕೇಳಿದರು. "ಹೊತ್ತು ಮುಳುಗೋ ಮುಂಚೆ. ಆರು ಆಗಿರಬಹುದು" ಎಂದ. ದುರ್ಬೀನು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಗೋಡೆಯಿಂದ ಕಿತ್ತು ತಂದ ಹಗ್ಗ ಹಳ್ಳಕ್ಕೆ ಸಾಕಾಗಿ ಇನ್ನೂ ಮಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ದಾಟಿದೆವು. ಮೊದಲು ನೀರಿಗೆ ಇಳಿದವನು ಜೀಪಿನ ಚಾಲಕ.

ಅಣ್ಣ ಗುಡಿಸಲಿನ ಬಾಗಿಲಿಗೆ ಎದುರಾಗಿ, ಗೋಡೆಗೆ ಒರಗಿ ಕೂತಿದ್ದ. ಕಾಲು ತೊಡೆಯವರೆಗೆ ಕಪ್ಪಾಗಿತ್ತು. ತಲೆ ಬಾಚಿಕೊಂಡಿದ್ದ. ಚೀಲದಿಂದ ತೊಳೆದ ಅಂಗಿ ತೆಗೆದು ಹಾಕಿಕೊಂಡು, ಗುಂಡಿಗಳನ್ನೆಲ್ಲ ಹಾಕಿ, ಎದೆಗೆ ಕೂಟದ ಬಿಲ್ಲೆ ಸಿಕ್ಕಿಸಿಕೊಂಡಿದ್ದ. ದುರ್ಬೀನಿನ ಪಟ್ಟಿ ಕೊರಳಲ್ಲಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಮಡಿಲಲ್ಲಿ. ಅಲ್ಲಿಂದ ದಾರಿ ಕಾಣುತ್ತದೆ, ಹಳ್ಳವೂ ಕಾಣುತ್ತದೆ. ನರ್ಸಮ್ಮ ಕೈ ಮುಟ್ಟಿ ನೋಡಿ, ನಂಜೇರಿದೆ, ಒಂದು ದಿನವೂ ಆಗಿಲ್ಲ ಎಂದರು. ಶುಕ್ರವಾರ ಬಂದಿದ್ದರೆ ಎಂದು ಕೇಳಿದೆ. ಅವರು, ಕಾಲು ಹೋಗುತ್ತಿತ್ತು, ಹುಡುಗ ಉಳಿಯುತ್ತಿದ್ದ ಎಂದರು.

ಚಾಲಕ ಕಟ್ಟಿದ್ದ ಡೋಲಿಯಲ್ಲೇ ಅಣ್ಣನನ್ನು ಇಳಿಸಿದೆವು. ನಾಲ್ಕು ಜನರ ಹೆಗಲ ಮೇಲೆ.

ಸೋಮವಾರ ಚಾಲಕನ ಜೀಪಿನಲ್ಲೇ ಊರಿಗೆ ತಂದು ಮಣ್ಣು ಮಾಡಿದೆವು. ಮಂಗಳವಾರ ಕಾರ್ಯದರ್ಶಿಯವರು ದೂರು ಬರೆದುಕೊಂಡು ಮನೆಗೆ ಬಂದರು, ಅಮ್ಮ ರುಜು ಹಾಕಿದಳು. ನಾನು ಟೈಲರ್ ಮನೆಗೆ ಹೋಗಿದ್ದೆ. ಅವನು ಎರಡೂ ಡಬ್ಬಿಗಳನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದ. ನಾನು ತಿನ್ನಲಿಲ್ಲ ಕಣಮ್ಮ, ಅವನು ಬರುತ್ತಾನೆ ಅಂತ ಇಟ್ಟೇ ಇದ್ದೆ, ಹಳಸಿತು ಎಂದ.

ಬುಧವಾರ, ಅಂದರೆ ನಿನ್ನೆ ಸಂಜೆ, ಕಾರ್ಯದರ್ಶಿಯವರು ಒಬ್ಬರೇ ಮತ್ತೆ ಬಂದರು. ಸಭಾಂಗಣಕ್ಕೆ ಅಣ್ಣನ ಹೆಸರಿಡುವುದಾಗಿ ಹೇಳಿದರು. ಫೋನಿನ ಮಾತು ಎತ್ತಿದರೆ ಕೂಟ ಮುಚ್ಚುತ್ತದೆ, ನಿಮ್ಮಣ್ಣ ಪ್ರಾಣ ಇಟ್ಟುಕೊಂಡಿದ್ದ ಜಾಗ ಅದು ಎಂದರು. ಆ ಫೋನು ಜೀಪಿನವನದೇ ಅಲ್ಲವೇ, ಹೌದೋ ಅಲ್ಲವೋ ಎಂದು ಕೇಳಿದೆ. "ಹೌದು ಅಂದ್ರೆ ನಾನು ಬದುಕಿರೋದು ಹೇಗೆ?" ಎಂದು ಅತ್ತರು. ಅವರು ಹೌದು ಎನ್ನಲಿಲ್ಲ. ಹೌದು ಎಂದರು ಎಂದು ನಾನು ಬರೆಸುವುದೂ ಇಲ್ಲ. ಅಮ್ಮ ಅವರಿಗೆ ನೀರು ಕೊಟ್ಟಳು.

ಅವರು ಹೋದ ಮೇಲೆ ಅಮ್ಮ ನನಗೆ, "ಸತ್ತೋನು ನಿನ್ನಣ್ಣ. ಜೀಪಿನೋನು ನಿನಗೇನಾಗಬೇಕು?" ಎಂದಳು. ಏನೂ ಆಗಬೇಕಿಲ್ಲ ಎಂದೆ. ಅವನಲ್ಲದಿದ್ದರೆ ಇನ್ಯಾರು, ಒಬ್ಬರ ಹೆಸರು ಹೇಳು, ನಾನು ಬೈಯಬೇಕು ಎಂದಳು. ನಾನು ಹೇಳಲಿಲ್ಲ. ಹೇಳಬೇಕಾದರೆ ದುರ್ಬೀನು, ಕಾರ್ಯದರ್ಶಿ, ಟೈಲರ್, ನಾನು, ಅವಳು ಎಂದು ಹೇಳಬೇಕಾಗುತ್ತಿತ್ತು. ಮೂರು ದಿನ ನಾವೆಲ್ಲ ಖುಷಿಯಾಗಿದ್ದೆವು.

ಇನ್ಸ್‌ಪೆಕ್ಟರ್ ಅವರು, ಹಾಗಾದರೆ ನೀನು ಯಾರ ಮೇಲೆ ದೂರು ಕೊಡುತ್ತೀಯ ಎಂದು ಕೇಳಿದರು. ಯಾರ ಮೇಲೂ ಇಲ್ಲ. ಫೋನು ಬಂದಿತ್ತು ಎಂಬುದಕ್ಕೆ ನಾನು ಸಾಕ್ಷಿ. ಫೋನ್ ಮಾಡಿದವನನ್ನು ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ. ಅವನನ್ನು ಬಿಟ್ಟ ಮಾತ್ರಕ್ಕೆ ನನಗಾಗಲಿ ನಮ್ಮ ಮನೆಗಾಗಲಿ ಏನೂ ಮರಳಿ ಬರುವುದಿಲ್ಲ.

ಕಂಡದ್ದನ್ನು ಕಂಡೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ, ಬೇರೆಯವರು ಹೇಳಿದ್ದನ್ನು ಅವರು ಹೇಳಿದ್ದು ಎಂದೂ ಬೇರೆ ಬೇರೆಯಾಗಿಯೇ ಬರೆಸಿದ್ದೇನೆ. ಯಾರೂ ಹೆದರಿಸಿಲ್ಲ, ಆಸೆ ತೋರಿಸಿದವರಿದ್ದಾರೆ, ಅದನ್ನೂ ಬರೆಸಿದ್ದೇನೆ. ಬರೆದದ್ದೆಲ್ಲ ನಿಜ. ಈಗ ರೈಟರ್ ಅವರು ಇದನ್ನು ನನ್ನ ಮುಂದೆ ಗಟ್ಟಿಯಾಗಿ ಓದುತ್ತಾರೆ. ಅಮ್ಮ ಹೊರಗಿನ ಬೆಂಚಿನಲ್ಲಿ ಕೂತಿದ್ದಾಳೆ, ಅವಳಿಗೂ ಕೇಳಿಸುತ್ತದೆ. ಸಾಕ್ಷಿಯ ಜಾಗದಲ್ಲಿ ರುಜು ಹಾಕುತ್ತೀರಾ ಎಂದು ಕೇಳಿದ್ದಕ್ಕೆ ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಓದುವಾಗ ನಡುವೆ ಯಾರಿಗಾದರೂ ಏನಾದರೂ ಹೇಳಬೇಕೆನಿಸಿದರೆ ಆಗಲೇ ಹೇಳಿಬಿಡಲಿ. ಮುಗಿಯುವವರೆಗೆ ಕಾಯುವುದು ಬೇಡ.

ಸ್ಥಳ: ರೈಲ್ವೆ ಗೇಟಿನ ಪೊಲೀಸ್ ಠಾಣೆ
ದಿನ: ಗುರುವಾರ, ಮಧ್ಯಾಹ್ನ
ರುಜು: ಗಾಲಿ
ಸಾಕ್ಷಿ: ಇಲ್ಲ